7 ದಿನ ಊರಲ್ಲಿರಲು 35 ದಿನ: ಕ್ವಾರಂಟೈನ್ ಕಾಲದಲ್ಲಿ ನರ್ಸ್‌ಗಳ ರಜೆಯ ಲೆಕ್ಕ

2020ರ ಜುಲೈ ಮೊದಲ ವಾರ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ನಮ್ಮಕ್ಕನ ಮನೆ. ಅಡುಗೆಮನೆ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿದ್ದ ಕ್ಯಾಲೆಂಡರನ್ನು ಅಕ್ಕ ಕೆಳಗಿಳಿಸಿ, ಮುಂದೆ ಹರಡಿಕೊಂಡು ಕೂತಿದ್ದಳು. ಫೋನಿನ ಒಂದು ಕಡೆ ಅವಳ ಮಗಳು. ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಇನ್ನೊಂದು ಕಡೆ ನಾನು, ಶಿವಮೊಗ್ಗದಲ್ಲಿ. ನಾನೂ ನರ್ಸೇ. ಆಗ ಒಂದು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಈಗ ನಿವೃತ್ತಳಾಗಿದ್ದೇನೆ.

ಹುಡುಗಿಗೆ ಮೂರು ವಾರ, ಅಂದರೆ 21 ದಿನ ರಜೆ ಸಿಗುವುದಿತ್ತು. ಆ ವರ್ಷ ಆಗಸ್ಟ್ 21ಕ್ಕೆ ಗೌರಿ, 22ಕ್ಕೆ ಚೌತಿ. ಹಬ್ಬಕ್ಕೆ ಬರುತ್ತೇನೆ ಅಂದಳು. ಅಕ್ಕ ಪೆನ್ಸಿಲ್ ಹಿಡಿದು ದಿನ ಎಣಿಸಲು ಶುರು ಮಾಡಿದಳು.

ಆಗಿನ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಹೊರದೇಶದಿಂದ ಬಂದವರು 14 ದಿನ ಕ್ವಾರಂಟೈನ್‌ನಲ್ಲಿ ಇರಬೇಕಿತ್ತು. ಮೊದಲ 7 ದಿನ ಸ್ವಂತ ಖರ್ಚಿನಲ್ಲಿ ಹೋಟೆಲು ಅಥವಾ ಸರ್ಕಾರ ಗೊತ್ತು ಮಾಡಿದ ಜಾಗ. ಆಮೇಲಿನ 7 ದಿನ ಮನೆಯಲ್ಲಿ ಬೇರೆ ಕೋಣೆ. 21ರಲ್ಲಿ 14 ಹೋದರೆ ಉಳಿಯುವುದು 7. ಅಲ್ಲಿಗೆ ಮುಗಿಯಲಿಲ್ಲ. ಬ್ರಿಟನ್ ಕೂಡ ಜೂನ್ 8ರಿಂದ ಹೊರಗಿನಿಂದ ಬಂದವರಿಗೆ 14 ದಿನ ಮನೆಯೊಳಗಿರಬೇಕು ಎಂಬ ನಿಯಮ ತಂದಿತ್ತು. ಅಂದರೆ ವಾಪಸ್ ಹೋದ ಮೇಲೆ ಇನ್ನೊಂದು 14. ಒಟ್ಟು 35 ದಿನ. ಅದರಲ್ಲಿ ಅಮ್ಮನ ಪಕ್ಕ ಕೂತು ಊಟ ಮಾಡುವ ದಿನ 7.

"ಏಳು ದಿನಕ್ಕೆ ಒಂದು ತಿಂಗಳ ಮೇಲೆ ಐದು ದಿನವಾ?" ಅಂತ ಅಕ್ಕ ಕೇಳಿದಳು. ಹುಡುಗಿ ಬರಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ವರ್ಷ ನಮ್ಮ ಕಡೆ ತುಂಬಾ ಜನ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಈಗಲೂ ಕೇಳುತ್ತಾರೆ. "ಕೊರೊನಾ ಸಮಯದಲ್ಲಿ ಆಸ್ಪತ್ರೆಯವರೇ ಹೊರದೇಶಕ್ಕೆ ರಜೆ ಅಂತ ಹೋಗ್ತಿದ್ರಲ್ಲ, ಅವರಿಗೆ ಗೊತ್ತಾಗಲ್ವಾ?" ಈ ಪ್ರಶ್ನೆಯಲ್ಲಿ ಮೂರು ನಾಲ್ಕು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಸಿಕ್ಕು ಬಿಡಿಸಿದರೆ ಉತ್ತರ ಅಷ್ಟು ಸುಲಭ ಅಲ್ಲ ಅಂತ ಗೊತ್ತಾಗುತ್ತದೆ.

ಮೊದಲು ಆ 14 ದಿನ ಎಲ್ಲಿಂದ ಬಂತು ನೋಡೋಣ.

ಕ್ವಾರಂಟೈನ್ ಮತ್ತು ಐಸೋಲೇಷನ್ ಎರಡನ್ನೂ ನಾವು ಒಂದೇ ಅರ್ಥದಲ್ಲಿ ಬಳಸಿಬಿಟ್ಟೆವು. ಎರಡೂ ಬೇರೆ. ಕಾಯಿಲೆ ಇದೆ ಅಂತ ಗೊತ್ತಾದವರನ್ನು ಬೇರೆ ಇಡುವುದು ಐಸೋಲೇಷನ್. ಆರೋಗ್ಯವಾಗಿಯೇ ಕಾಣುವ, ಆದರೆ ಸೋಂಕು ತಗುಲಿರಬಹುದಾದ ವ್ಯಕ್ತಿಯನ್ನು ಕಾದು ನೋಡುವುದು ಕ್ವಾರಂಟೈನ್. ಇಟಲಿಯವರ ಭಾಷೆಯಲ್ಲಿ ಕ್ವಾರಂಟಾ ಅಂದರೆ 40. ಪ್ಲೇಗಿನ ಕಾಲದಲ್ಲಿ ವೆನಿಸ್‌ಗೆ ಬಂದ ಹಡಗುಗಳನ್ನು 40 ದಿನ ದೂರ ನಿಲ್ಲಿಸುತ್ತಿದ್ದರು. ಅದಕ್ಕೂ ಮೊದಲು, 1377ರಲ್ಲೇ, ಈಗಿನ ಕ್ರೊಯೇಷಿಯಾದ ಡುಬ್ರೊವ್ನಿಕ್ ಬಂದರಿನಲ್ಲಿ 30 ದಿನ ಕಾಯಿಸುವ ಕಾನೂನು ಇತ್ತು. ಆ ಕಾಲದವರಿಗೆ ರೋಗಾಣು ಗೊತ್ತಿರಲಿಲ್ಲ. ಕಾದರೆ ಗೊತ್ತಾಗುತ್ತದೆ ಅನ್ನುವುದು ಗೊತ್ತಿತ್ತು.

ಎಷ್ಟು ದಿನ ಕಾಯಬೇಕು ಅನ್ನುವುದು ಕಾಯಿಲೆಯ ಮೇಲೆ ನಿಂತಿದೆ. ಕೊರೊನಾದ ಮೊದಲ ವರ್ಷದ ಲೆಕ್ಕ ಹೀಗಿತ್ತು: ಸೋಂಕು ತಗುಲಿದ ಸುಮಾರು 5 ದಿನಕ್ಕೆ ಜ್ವರ, ಕೆಮ್ಮು ಕಾಣಿಸುತ್ತದೆ. ಕೆಲವರಿಗೆ ತಡವಾಗಿ. ಲಕ್ಷಣ ಬರುವವರಲ್ಲಿ 100ಕ್ಕೆ 97ಕ್ಕಿಂತ ಜಾಸ್ತಿ ಜನರಿಗೆ 12 ದಿನದೊಳಗೆ ಬಂದೇ ಬರುತ್ತದೆ. ಅದರ ಮೇಲೆ ಒಂದೆರಡು ದಿನ ಸೇರಿಸಿ 14 ಮಾಡಿದರು.

ನಮ್ಮ ಜಿಲ್ಲೆಯವರಿಗೆ ಇದನ್ನು ಮಂಗನ ಕಾಯಿಲೆಯ ಜೊತೆ ಇಟ್ಟು ಹೇಳಿದರೆ ಬೇಗ ಅರ್ಥ ಆಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ ಅದು. 2019ರಲ್ಲಿ ಸಾಗರದ ಅರಲಗೋಡು ಭಾಗದಲ್ಲಿ ಅದು ಮಾಡಿದ ಗಾಯ ಇನ್ನೂ ಮಾಸಿಲ್ಲ. ಅದೂ ವೈರಸ್, ಅದೂ ಜೀವ ತೆಗೆಯುತ್ತದೆ. ಆದರೆ ಮಂಗನ ಕಾಯಿಲೆ ಬಂದವರ ಮನೆಯವರನ್ನು ನಾವು ಯಾವತ್ತೂ ಕ್ವಾರಂಟೈನ್ ಮಾಡಿಲ್ಲ. ಯಾಕೆಂದರೆ ಅದು ಉಣುಗಿನಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹಬ್ಬುವುದಿಲ್ಲ. ಅಲ್ಲಿ ಕಾಡಿಗೆ ಹೋಗುವಾಗ ಮೈಗೆ ಉಣುಗು ಹತ್ತದಂತೆ ತಡೆಯುವ ಎಣ್ಣೆ ಹಚ್ಚಿಕೊಂಡರೆ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿದರೆ ರಕ್ಷಣೆ. ಕೊರೊನಾ ಹಾಗಲ್ಲ. ಜ್ವರ ಬರುವ ಎರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ದಾಟಬಲ್ಲದು. ಹಾಗಾಗಿ ಹಣೆಗೆ ಥರ್ಮಾಮೀಟರ್ ಗನ್ ಹಿಡಿದು "ಜ್ವರ ಇಲ್ಲ, ಹೋಗಿ" ಅಂದರೆ ಸಾಲುತ್ತಿರಲಿಲ್ಲ.

ಕ್ವಾರಂಟೈನ್ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಶಿವಮೊಗ್ಗದ್ದೇ ಉದಾಹರಣೆ ಇದೆ. 2020ರ ಮೇ 10ರವರೆಗೆ ಜಿಲ್ಲೆಯಲ್ಲಿ ಒಂದೂ ಪ್ರಕರಣ ಇರಲಿಲ್ಲ. ಅವತ್ತು ಒಮ್ಮೆಲೇ 8 ಜನರಲ್ಲಿ ಸೋಂಕು ಸಿಕ್ಕಿತು. ಎಲ್ಲರೂ ಅಹಮದಾಬಾದಿನಿಂದ ಬಂದವರು. ಬಂದ ಕೂಡಲೇ ಕ್ವಾರಂಟೈನ್‌ನಲ್ಲಿ ಇಟ್ಟು ಪರೀಕ್ಷೆ ಮಾಡಿದ್ದರಿಂದ ಸಿಕ್ಕಿತು. ಅವರು ಸುಮ್ನೆ ಊರು ಸೇರಿ, ಸಂತೆಗೆ ಹೋಗಿ, ನೆಂಟರ ಮನೆಗೆ ಹೋಗಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಆ ವಾರ ನಾವು ಆಸ್ಪತ್ರೆಯವರು ಬಹಳ ಸಲ ಮಾತಾಡಿಕೊಂಡಿದ್ದೆವು.

"ಒಂದು ಟೆಸ್ಟ್ ಮಾಡಿ ಬಿಟ್ಟುಬಿಡಬಹುದಲ್ಲ?" ಅಂತ ಅಕ್ಕ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ತೊಂದರೆ ಏನೆಂದರೆ, ಸೋಂಕು ತಗುಲಿದ ಮೊದಲ ಒಂದೆರಡು ದಿನ ಮೂಗು ಗಂಟಲಲ್ಲಿ ವೈರಸ್ ತೀರಾ ಕಡಿಮೆ ಇರುತ್ತದೆ. ಟೆಸ್ಟಿನಲ್ಲಿ ಸಿಗುವುದಿಲ್ಲ. ವಿಮಾನದಲ್ಲಿ ಪಕ್ಕದ ಸೀಟಿನವರಿಂದ ತಗುಲಿದ್ದರೆ ಇಳಿದ ತಕ್ಷಣದ ಟೆಸ್ಟ್ ನೆಗೆಟಿವ್ ಬರುತ್ತದೆ, ಮೂರು ದಿನ ಬಿಟ್ಟು ಮಾಡಿದರೆ ಪಾಸಿಟಿವ್ ಬರಬಹುದು. ಇಂಗ್ಲೆಂಡಿನಲ್ಲಿ 2020ರ ಡಿಸೆಂಬರ್ 15ರಿಂದ, ಬಂದು 5 ದಿನ ಆದ ಮೇಲೆ ಸ್ವಂತ ದುಡ್ಡಿನಲ್ಲಿ ಟೆಸ್ಟ್ ಮಾಡಿಸಿ, ನೆಗೆಟಿವ್ ಬಂದರೆ ಹೊರಗೆ ಬರಲು ಬಿಟ್ಟರು. ಆ 5 ದಿನದ ಹಿಂದೆ ಇರುವ ಲೆಕ್ಕ ಇದೇ.

ಹಾಗಾದರೆ ನರ್ಸ್‌ಗಳಿಗೆ, ಡಾಕ್ಟರುಗಳಿಗೆ ವಿನಾಯಿತಿ ಕೊಡಬಹುದಿತ್ತಲ್ಲ? ಆಸ್ಪತ್ರೆಯಲ್ಲಿ ಜನ ಸಾಲುತ್ತಿರಲಿಲ್ಲ. ಮಾಸ್ಕು, ಮೈಮುಚ್ಚುವ ಪಿಪಿಇ ಉಡುಪು, ಕೈ ತೊಳೆಯುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇಲ್ಲಿ ನನ್ನ ಅಭಿಪ್ರಾಯ ಖಚಿತ. ಕೊಡಬಾರದು. ರಜೆ ಮುಗಿಸಿ ಬಂದ ಅಂಗಡಿಯವರು ಅಂಗಡಿಗೆ ಹೋಗುತ್ತಾರೆ. ನರ್ಸ್ ಎಲ್ಲಿಗೆ ಹೋಗುತ್ತಾಳೆ? ಡಯಾಲಿಸಿಸ್ ಯಂತ್ರದ ಪಕ್ಕ. ಕೀಮೋ ತೆಗೆದುಕೊಂಡು ಮಲಗಿದವರ ಹಾಸಿಗೆಗೆ. ಸೊಂಟ ಮುರಿದುಕೊಂಡ ಎಂಬತ್ತರ ಅಜ್ಜಿಯನ್ನು ಮಗ್ಗುಲು ತಿರುಗಿಸಲು. ಅಲ್ಲಿ ಎರಡು ಮೀಟರ್ ಅಂತರ ಅನ್ನುವ ಮಾತೇ ಇಲ್ಲ. ವೈರಸ್ ದಾಟಲು ಅದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ. ನಾವು ಗೊತ್ತಿರುವವರು ಅನ್ನುವ ಕಾರಣಕ್ಕೇ ನಮಗೆ ನಿಯಮ ಸಡಿಲ ಆಗಬಾರದು.

ಆದರೆ ನಿಯಮ ಸರಿ ಅನ್ನುವುದು ಒಂದು ಮಾತು. ಆ ನಿಯಮದ ಭಾರ ಯಾರ ಹೆಗಲಿಗೆ ಬಿತ್ತು ಅನ್ನುವುದು ಇನ್ನೊಂದು. ಜನ ಈ ಎರಡನ್ನೂ ಸೇರಿಸಿಬಿಡುತ್ತಾರೆ.

ವರ್ಷಗಟ್ಟಲೆ ಡ್ಯೂಟಿ ಚಾರ್ಟ್ ಬರೆದವಳಾಗಿ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ವಾರ್ಡಿನ ಒಂದು ಮೂಲೆಯಲ್ಲಿ ಸದಾ ಒಬ್ಬ ನರ್ಸ್ ಇರಬೇಕು ಅಂದುಕೊಳ್ಳಿ. ವಾರಕ್ಕೆ 168 ಗಂಟೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಆಗ ಪೂರ್ಣಾವಧಿ ನರ್ಸ್ ವಾರಕ್ಕೆ 37.5 ಗಂಟೆ ಕೆಲಸ ಮಾಡಬೇಕಿತ್ತು. ಭಾಗಿಸಿ ನೋಡಿ, ನಾಲ್ಕೂವರೆ ಜನ ಬೇಕು. ರಜೆ, ಕಾಯಿಲೆ, ತರಬೇತಿ ಸೇರಿದರೆ ಐದು ದಾಟುತ್ತದೆ. ಒಂದು ಕುರ್ಚಿಗೆ ಐದು ಜನ! ಅದರಲ್ಲಿ ಒಬ್ಬಳು 14 ದಿನ ಬರಲಿಲ್ಲ ಅಂದರೆ 75 ಗಂಟೆ ಖಾಲಿ. ಆ 75 ಗಂಟೆ ಎಲ್ಲೂ ಮಾಯ ಆಗುವುದಿಲ್ಲ. ಉಳಿದ ನಾಲ್ವರ ಆಫ್ ಕತ್ತರಿಸಿ, ನೈಟ್ ಡ್ಯೂಟಿ ಜೋಡಿಸಿ ತುಂಬಬೇಕು. ಚಾರ್ಟಿನಲ್ಲಿ ಹೆಸರು ಹೊಡೆದು ಇನ್ನೊಂದು ಹೆಸರು ಬರೆಯುವಾಗ ನನ್ನ ಕೈ ಎಷ್ಟೋ ಸಲ ನಿಂತಿದೆ. ಆ ಇನ್ನೊಂದು ಹೆಸರಿನವಳಿಗೂ ಮನೆಯಲ್ಲಿ ಮಗು ಇರುತ್ತದೆ.

ಹಾಗಾಗಿ ಸಹೋದ್ಯೋಗಿಗಳಿಗೆ ಸಿಟ್ಟು ಬರುತ್ತಿತ್ತು. ಅದು ಸುಳ್ಳು ಸಿಟ್ಟಲ್ಲ. "ನೀನು ಬೀಚಿಗೆ ಹೋದೆ, ನಾನು ನಿನ್ನ ನೈಟ್ ಮಾಡಬೇಕು."

ಹಾಗಂತ ರಜೆಯೇ ಬೇಡ ಅನ್ನಲು ಆಗುತ್ತದೆಯೇ? ಎನ್‌ಎಚ್‌ಎಸ್‌ಗೆ ಹೊಸದಾಗಿ ಸೇರಿದ ನರ್ಸ್‌ಗೆ ಆಗ ವರ್ಷಕ್ಕೆ 27 ದಿನ ರಜೆ, ಅದರ ಮೇಲೆ 8 ಸಾರ್ವಜನಿಕ ರಜೆ. 2020ರ ಮಾರ್ಚ್‌ನಿಂದ ಜೂನ್‌ವರೆಗೆ ರಜೆ ತೆಗೆದುಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಬ್ರಿಟನ್ ಸರ್ಕಾರ ಮಾರ್ಚಿನಲ್ಲೇ ನಿಯಮ ತಿದ್ದಿ, ಕೊರೊನಾ ಕಾರಣಕ್ಕೆ ಉಳಿದುಹೋದ ನಾಲ್ಕು ವಾರದ ರಜೆಯನ್ನು ಮುಂದಿನ ಎರಡು ರಜೆ ವರ್ಷಗಳಿಗೆ ಸಾಗಿಸಲು ಅವಕಾಶ ಕೊಟ್ಟಿತು. ಒಳ್ಳೆಯದೇ. ಆದರೆ ಎಲ್ಲರ ರಜೆಯೂ ಗುಡ್ಡೆ ಬಿದ್ದು, ಮುಂದೊಂದು ದಿನ ಎಲ್ಲರೂ ಒಟ್ಟಿಗೆ ಕೇಳಿದರೆ ವಾರ್ಡ್ ಖಾಲಿ. ಮೊದಲ ಅಲೆ ಇಳಿದ ಆ ಜುಲೈ, ಆಗಸ್ಟಿನಲ್ಲಿ ಸ್ವಲ್ಪ ಸ್ವಲ್ಪ ರಜೆ ತೆಗೆದುಕೊಳ್ಳುವುದು ಆಸ್ಪತ್ರೆಗೂ ಅನುಕೂಲವೇ ಆಗಿತ್ತು.

ಇನ್ನೊಂದು ಮಾತು. ಇದನ್ನು ಆಸ್ಪತ್ರೆಯ ಹೊರಗಿನವರು ನಂಬಬೇಕು. ನರ್ಸಿನ ವಿಶ್ರಾಂತಿ ಅವಳೊಬ್ಬಳ ಸುಖದ ವಿಷಯ ಅಲ್ಲ. ಸತತ ನೈಟ್ ಡ್ಯೂಟಿಯ ಕೊನೆಯ ದಿನ, ಬೆಳಗಿನ ಜಾವ ನಾಲ್ಕಕ್ಕೆ, ಇನ್ಸುಲಿನ್ ಸಿರಿಂಜಿನ ಗೆರೆ ಎರಡೆರಡಾಗಿ ಕಾಣುತ್ತದೆ. ನನಗೇ ಕಂಡಿದೆ. ಪಿಪಿಇ ಒಳಗೆ ಆರು ಗಂಟೆ ನೀರು ಕುಡಿಯದೆ ನಿಂತವಳ ತಲೆ ಹೇಗೆ ಓಡುತ್ತದೆ? ರಜೆ ಇಲ್ಲದ ನರ್ಸಿನ ಕೈಯಿಂದ ಔಷಧಿ ತಗೊಳ್ಳುವವರು ನಿಮ್ಮ ಮನೆಯವರೇ ಆಗಿರುತ್ತಾರೆ.

ಈಗ ಆ ಜುಲೈಯಲ್ಲಿ ರಜೆಗೆ ಸ್ಪೇನಿಗೆ ಹೋದವರ ಕಥೆಗೆ ಬರುತ್ತೇನೆ. ನಮ್ಮ ಮನೆಯ ಕಥೆಯೂ ಅದೇ.

ಬ್ರಿಟನ್ನಿನ 14 ದಿನದ ನಿಯಮ ಹೆಚ್ಚುಕಡಿಮೆ ಎಲ್ಲ ದೇಶಗಳಿಗೂ ಇತ್ತು. ಜುಲೈ 10ರಿಂದ ಇಂಗ್ಲೆಂಡ್ ಕೆಲವು ದೇಶಗಳನ್ನು ಅದರಿಂದ ಹೊರಗಿಟ್ಟಿತು. ಟ್ರಾವೆಲ್ ಕಾರಿಡಾರ್ ಅಂತ ಅದರ ಹೆಸರು. ಆ ದೇಶಗಳಿಗೆ ಹೋಗಿ ಬಂದರೆ ಕ್ವಾರಂಟೈನ್ ಇಲ್ಲ. ಸ್ಪೇನ್ ಆ ಪಟ್ಟಿಯಲ್ಲಿತ್ತು. ಭಾರತ ಇರಲಿಲ್ಲ. ನಮ್ಮ ಹುಡುಗಿಗೆ ಊರಿಗೆ ಬರುವ ದಾರಿ ಮುಚ್ಚಿತ್ತು. ಮಾರ್ಚಿನಿಂದ ಒಂದು ದಿನವೂ ಬಿಡುವಿಲ್ಲದೆ ದುಡಿದಿದ್ದಳು. ವಾರ್ಡಿನ ಇಬ್ಬರು ಗೆಳತಿಯರ ಜೊತೆ ಒಂದು ವಾರಕ್ಕೆ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋದಳು. ಸರ್ಕಾರವೇ ಹೋಗಬಹುದು ಅಂದಿದ್ದ ಜಾಗ.

ಜುಲೈ 25, ಶನಿವಾರ. ಸಂಜೆ ಸುದ್ದಿ ಬಂತು. ಸ್ಪೇನಿನಲ್ಲಿ ಪ್ರಕರಣ ಏರುತ್ತಿವೆ, ಅವತ್ತು ಮಧ್ಯರಾತ್ರಿಯಿಂದ ಸ್ಪೇನಿನಿಂದ ಬರುವವರೆಲ್ಲ 14 ದಿನ ಮನೆಯೊಳಗೆ ಇರಬೇಕು. ಕೆಲವೇ ಗಂಟೆಗಳ ಅಂತರ. ಬ್ರಿಟನ್ನಿನ ಸಾರಿಗೆ ಸಚಿವ ಗ್ರಾಂಟ್ ಶಾಪ್ಸ್ ಅವರೇ ಆಗ ರಜೆಗೆಂದು ಸ್ಪೇನಿನಲ್ಲಿದ್ದರು. ಅವರೂ ವಾಪಸಾಗಿ ಕ್ವಾರಂಟೈನ್ ಆದರು. ಮಂತ್ರಿಗೇ ಆ ಗತಿ ಆದ ಮೇಲೆ ನರ್ಸ್‌ಗೆ ಮೊದಲೇ ಹೇಗೆ ಗೊತ್ತಾಗಬೇಕು? ದ್ವೀಪಗಳಲ್ಲಿ ಸೋಂಕು ಕಡಿಮೆ ಇತ್ತು. ಆದರೆ ನಿಯಮಕ್ಕೆ ದೇಶ ಒಂದೇ. ಸಾಗರದಲ್ಲಿ ಕಾಯಿಲೆ ಬಂತು ಅಂತ ಇಡೀ ಕರ್ನಾಟಕಕ್ಕೆ ಬೇಲಿ ಹಾಕಿದ ಹಾಗೆ. ಆಗಿನ ಅವಸರದಲ್ಲಿ ದೇಶದ ಗಡಿ ಒಂದೇ ಸುಲಭವಾಗಿ ಎಳೆಯಬಹುದಾದ ಗೆರೆ ಆಗಿತ್ತು ಅನ್ನುವುದನ್ನೂ ಒಪ್ಪುತ್ತೇನೆ.

ಅವಳು ವಾಪಸ್ ಬಂದು ಬಾಗಿಲು ಹಾಕಿಕೊಂಡಳು. ಅಂಗಡಿಗೆ ಹೋಗುವಂತಿಲ್ಲ, ವಾಕಿಂಗ್ ಇಲ್ಲ. ಮುರಿದರೆ 1,000 ಪೌಂಡ್ ದಂಡ. ವಿಚಿತ್ರ ಅಂದರೆ ಅದೇ ಮನೆಯಲ್ಲಿ ಬಾಡಿಗೆಗಿದ್ದ, ಜೊತೆಗೆ ಪ್ರಯಾಣ ಮಾಡದ ಇನ್ನೊಬ್ಬ ಹುಡುಗಿ ಹೊರಗೆ ಹೋಗಬಹುದಿತ್ತು. ಅವಳೇ ಹಾಲು, ಅಕ್ಕಿ ತಂದು ಕೋಣೆಯ ಬಾಗಿಲಲ್ಲಿ ಇಡುತ್ತಿದ್ದಳು.

ಸಂಬಳದ ಪ್ರಶ್ನೆ ಎದ್ದಿದ್ದು ಆಮೇಲೆ. ಬ್ರಿಟನ್ನಿನಲ್ಲಿ ಕಾಯಿಲೆ ಬಿದ್ದು ಕೆಲಸಕ್ಕೆ ಬರಲಾಗದವರಿಗೆ ಕಾನೂನು ಪ್ರಕಾರ ಸಿಗುವ ಕನಿಷ್ಠ ಹಣ ಒಂದಿದೆ. ಆ ವರ್ಷ ಅದು ವಾರಕ್ಕೆ 95.85 ಪೌಂಡ್. ಕೊರೊನಾ ಲಕ್ಷಣ ಇದ್ದು ಮನೆಯಲ್ಲಿದ್ದರೆ, ಸೋಂಕಿತರ ಸಂಪರ್ಕದಿಂದ ಮನೆಯಲ್ಲಿದ್ದರೆ ಅದು ಸಿಗುತ್ತಿತ್ತು. ಪ್ರಯಾಣದಿಂದ ಬಂದು ಕ್ವಾರಂಟೈನ್ ಆದವರಿಗೆ ಅದೂ ಇಲ್ಲ. ಅವರು ಕಾನೂನಿನ ಕಣ್ಣಲ್ಲಿ ಕಾಯಿಲೆಯವರಲ್ಲ. ಉಳಿದದ್ದು ಕೆಲಸ ಕೊಟ್ಟವರ ಮನಸ್ಸು. ಮನೆಯಿಂದ ಕೆಲಸ ಮಾಡಿಸಬಹುದು, ವಿಶೇಷ ರಜೆ ಕೊಡಬಹುದು, ಇರುವ ರಜೆಯಲ್ಲಿ ಕಳೆಯಬಹುದು, ಇಲ್ಲ ಸಂಬಳ ಕತ್ತರಿಸಬಹುದು. ಕಂಪ್ಯೂಟರ್ ಕೆಲಸದವರಿಗೆ ಮೊದಲನೆಯದು ಆಗುತ್ತದೆ. ಹಾಸಿಗೆ ಪಕ್ಕದ ಕೆಲಸವನ್ನು ಮನೆಯಿಂದ ಮಾಡುವುದು ಹೇಗೆ? ಅವಳ ಆಸ್ಪತ್ರೆಯವರು ರಜೆಯಲ್ಲಿ ಕಳೆದುಕೋ, ಇಲ್ಲವಾದರೆ ಸಂಬಳ ಇಲ್ಲ ಅಂದರು.

ಅವಳು ರಜೆ ಕೊಟ್ಟಳು. ಲೆಕ್ಕ ನೋಡಿ. ಸ್ಪೇನಿನ ಒಂದು ವಾರಕ್ಕೆ ಕೆಲಸದ ದಿನ 5. ಕ್ವಾರಂಟೈನಿನ ಎರಡು ವಾರಕ್ಕೆ 10. ಒಟ್ಟು 15 ದಿನದ ರಜೆ, ಅಂದರೆ ಸರಿಯಾಗಿ ಮೂರು ವಾರ. ಚೌತಿಗೆ ಊರಿಗೆ ಬರಲು ಎತ್ತಿಟ್ಟಿದ್ದ ಮೂರು ವಾರ.

ಇದು ಸರಿಯಲ್ಲ ಅಂತ ನನಗೆ ಅವತ್ತೂ ಅನಿಸಿತ್ತು, ಈಗಲೂ ಅನಿಸುತ್ತದೆ. ಹೊರಡುವ ದಿನ ನಿಯಮ ಏನಿತ್ತು ಅನ್ನುವುದು ಮುಖ್ಯ. 14 ದಿನ ಕೂರಬೇಕು ಅಂತ ಗೊತ್ತಿದ್ದೂ ಹೋದರೆ ಆ ದಿನಗಳು ಹೋದವರ ಜವಾಬ್ದಾರಿ. ಅವರು ಹೊರಡುವ ಮೊದಲೇ ಇನ್‌ಚಾರ್ಜ್‌ಗೆ ಹೇಳಿ, ಆ ಎರಡು ವಾರವನ್ನೂ ರಜೆಯಲ್ಲೇ ಸೇರಿಸಿ ಹೋಗಬೇಕು. ಹೋದ ಮೇಲೆ ನಿಯಮ ಬದಲಾದರೆ, ಆ ದಿನಗಳು ಊರಿನ ಆರೋಗ್ಯಕ್ಕಾಗಿ ಅವರು ಕೊಟ್ಟ ದಿನಗಳು. ಅದಕ್ಕೆ ಸಂಬಳ ಕೊಡಬೇಕು. ನ್ಯೂಜಿಲೆಂಡ್ ಹೆಚ್ಚುಕಡಿಮೆ ಈ ದಾರಿಯಲ್ಲೇ ಯೋಚಿಸಿತು. ಅಲ್ಲಿ ಬಂದವರೆಲ್ಲ 14 ದಿನ ಸರ್ಕಾರ ನಡೆಸುವ ಹೋಟೆಲಿನಲ್ಲಿ ಇರಬೇಕಿತ್ತು. 2020ರ ಆಗಸ್ಟ್ 11ರಿಂದ ಅದಕ್ಕೆ ಶುಲ್ಕ ಬಂತು, ಮೊದಲ ವ್ಯಕ್ತಿಗೆ 3,100 ಡಾಲರ್, ಅಲ್ಲಿಯ ಡಾಲರು. ಆದರೆ ತಮ್ಮ ನಾಗರಿಕರಲ್ಲಿ ನಿಯಮ ಬಂದ ಮೇಲೆ ದೇಶ ಬಿಟ್ಟು ಹೋದವರಿಗೆ, ಮತ್ತೆ 90 ದಿನಕ್ಕಿಂತ ಕಡಿಮೆ ಸಮಯಕ್ಕೆ ಬರುವವರಿಗೆ ಮಾತ್ರ. ಮೊದಲೇ ಹೊರಗಿದ್ದು, ವಾಪಸ್ ಬಂದು ಅಲ್ಲೇ ನೆಲೆಸುವವರಿಗೆ ಇಲ್ಲ. ಆಸ್ಟ್ರೇಲಿಯಾ ಇನ್ನೂ ಗಟ್ಟಿ. 2020ರ ಮಾರ್ಚ್ 25ರಿಂದ ತನ್ನವರು ಅನುಮತಿ ಇಲ್ಲದೆ ದೇಶ ಬಿಟ್ಟು ಹೊರಡುವಂತೆಯೇ ಇರಲಿಲ್ಲ. ರಜೆ ಅನ್ನುವ ಮಾತು ಅಲ್ಲಿ ಏಳಲೇ ಇಲ್ಲ.

ನಮ್ಮಲ್ಲಿ ಪ್ರಶ್ನೆ ಬೇರೆ ರೂಪದಲ್ಲಿತ್ತು. ಸರ್ಕಾರಿ ನೌಕರರು ಹೊರದೇಶಕ್ಕೆ ಹೋಗಬೇಕಾದರೆ ಮೊದಲೇ ಅನುಮತಿ ಬೇಕು. ಆಗ ರಜೆಯೇ ಸಿಗುತ್ತಿರಲಿಲ್ಲ, ವಿಮಾನವೂ ಇರಲಿಲ್ಲ. 2020ರ ಮಾರ್ಚಿನಲ್ಲಿ ನಿಂತ ಅಂತರರಾಷ್ಟ್ರೀಯ ವಿಮಾನಗಳು ಮಾಮೂಲಿಯಾಗಿ ಶುರು ಆಗಿದ್ದು 2022ರ ಮಾರ್ಚ್ 27ಕ್ಕೆ. ಮಧ್ಯದಲ್ಲಿ ಇದ್ದದ್ದು ಹೊರಗೆ ಸಿಕ್ಕಿಕೊಂಡವರನ್ನು ಕರೆತರಲು ಸರ್ಕಾರ ಓಡಿಸಿದ ವಂದೇ ಭಾರತ್ ವಿಮಾನಗಳು, ಎರಡು ದೇಶಗಳು ಪರಸ್ಪರ ಒಪ್ಪಿ ಬಿಟ್ಟ ಏರ್ ಬಬಲ್ ವಿಮಾನಗಳು. ನಮ್ಮ ಕ್ವಾರಂಟೈನ್ ಬಂದಿದ್ದು ಪ್ರವಾಸದಿಂದ ಅಲ್ಲ, ವಾರ್ಡಿನಿಂದ. ಮೊದಮೊದಲು ಕೋವಿಡ್ ವಾರ್ಡಿನಲ್ಲಿ ಡ್ಯೂಟಿ ಮುಗಿಸಿದ ಮೇಲೆ ಲಾಡ್ಜಿನಲ್ಲಿ ಬೇರೆ ಇರುತ್ತಿದ್ದೆವು. ಮೇ ಮತ್ತು ಜೂನಿನಲ್ಲಿ ಕೇಂದ್ರದ ಸಲಹೆ ಬದಲಾಯಿತು. ಪಿಪಿಇ ಹರಿದು, ಮಾಸ್ಕ್ ಜಾರಿ ಸೋಂಕಿಗೆ ಒಡ್ಡಿಕೊಂಡವರಿಗೆ ಮಾತ್ರ ಕ್ವಾರಂಟೈನ್ ಅಂತಾಯಿತು. ಆ ದಿನಗಳನ್ನು ರಜೆ ಅಂತ ಹಿಡಿಯುತ್ತಾರೆ, ಸಂಬಳ ಕತ್ತರಿಸುತ್ತಾರೆ ಅನ್ನುವ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಜುಲೈ ಕೊನೆಯಲ್ಲಿ ಕೇಂದ್ರ ಸರ್ಕಾರ ಕೋರ್ಟಿನ ಮುಂದೆ, ಕ್ವಾರಂಟೈನ್ ದಿನಗಳನ್ನು ಡ್ಯೂಟಿ ಅಂತಲೇ ಪರಿಗಣಿಸುತ್ತೇವೆ ಅಂದಿತು. ಸ್ಪೇನಿನ ಸುದ್ದಿ ಬಂದ ವಾರವೇ ಅದು. ಒಂದೇ ವೃತ್ತಿ. ನನ್ನ ಕೋಣೆಯ ದಿನ ಡ್ಯೂಟಿ. ಅವಳ ಕೋಣೆಯ ದಿನ ಅವಳದೇ ರಜೆ.

ಊರಿನಲ್ಲಿ ಮಾತು ಬೇರೆಯೇ ಇತ್ತು. "ಅಮ್ಮನನ್ನು ನೋಡೋಕೆ ಬರಲಿಲ್ಲ, ಸ್ಪೇನಿಗೆ ಹೋಗೋಕೆ ಆಯ್ತಾ?" ಅಂತ ಅಕ್ಕನ ಎದುರೇ ಅಂದರು. ಮಾರ್ಚ್ 22ರ ಸಂಜೆ 5ಕ್ಕೆ ನಮಗಾಗಿ ಜಾಗಟೆ ಬಾರಿಸಿದ್ದ ಮನೆಗಳವರೇ. ಅವರು ಕೆಟ್ಟವರಲ್ಲ. ನಕ್ಷೆಯಲ್ಲಿ ಸ್ಪೇನ್ ಹತ್ತಿರ, ಆದರೆ ಕ್ಯಾಲೆಂಡರಿನಲ್ಲಿ ಊರು ಎಷ್ಟು ದೂರ ಹೋಗಿದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ ಅಷ್ಟೇ. ಅವತ್ತಿನ ನಿಯಮದಲ್ಲಿ ಅವಳ ಆಸ್ಪತ್ರೆಯಿಂದ ಸ್ಪೇನಿಗೆ ಸೊನ್ನೆ ದಿನ. ತೀರ್ಥಹಳ್ಳಿಗೆ 28 ದಿನ. "ಫಾರಿನ್ ಟ್ರಿಪ್" ಅಂದ ಕೂಡಲೇ ನಮ್ಮ ಕಣ್ಣಿಗೆ ಬೀಚು ಕಾಣುತ್ತದೆ. ಆದರೆ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕೇರಳದ, ಮಂಗಳೂರಿನ, ಫಿಲಿಪೈನ್ಸಿನ ನರ್ಸ್‌ಗಳು ಎಷ್ಟು ಜನ! ಅವರ ಹೊರದೇಶ ಅಂದರೆ ಅವರ ಅಮ್ಮನ ಮನೆ. ಇಲ್ಲಿ ರಜೆಗೆ ಬಂದವರನ್ನೂ ಪ್ರವಾಸಿಗಳ ಲೆಕ್ಕದಲ್ಲೇ ಇಟ್ಟಿದ್ದರು.

ನಾನಂತೂ 60 ಕಿಲೋಮೀಟರ್ ದೂರದ ಅಕ್ಕನ ಮನೆಗೆ ಐದು ತಿಂಗಳು ಹೋಗಲಿಲ್ಲ. ಯಾವ ನಿಯಮವೂ ತಡೆದಿರಲಿಲ್ಲ. ವಾರ್ಡಿನಿಂದ ಅಲ್ಲಿಗೆ ಏನು ಹೊತ್ತು ಹೋಗುತ್ತೇನೋ ಅನ್ನುವ ಭಯ.

ಮುಂದಿನ ವರ್ಷ ಇನ್ನೂ ಕಷ್ಟ ಆಯಿತು. ಬ್ರಿಟನ್ನಿನ 14 ದಿನ 2020ರ ಡಿಸೆಂಬರ್ 14ರಿಂದಲೇ 10ಕ್ಕೆ ಇಳಿದಿತ್ತು. ಆದರೆ 2021ರ ಫೆಬ್ರುವರಿ 15ರಿಂದ ಇಂಗ್ಲೆಂಡಿನಲ್ಲಿ ಕೆಂಪು ಪಟ್ಟಿ ದೇಶಗಳಿಂದ, ಅಂದರೆ ಅಪಾಯ ಹೆಚ್ಚು ಅಂತ ಅವರು ಗುರುತಿಸಿದ ದೇಶಗಳಿಂದ, ಬಂದವರಿಗೆ ಹೋಟೆಲ್ ಕ್ವಾರಂಟೈನ್ ಕಡ್ಡಾಯ ಆಯಿತು. ಒಬ್ಬರಿಗೆ 1,750 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 1.8 ಲಕ್ಷ ರೂಪಾಯಿ. ಆಗ ಎನ್‌ಎಚ್‌ಎಸ್‌ನ ಹೊಸ ನರ್ಸಿನ ವರ್ಷದ ಸಂಬಳ 24,907 ಪೌಂಡ್. ಅಂದರೆ ತೆರಿಗೆ ಕಳೆಯುವ ಮೊದಲೂ ತಿಂಗಳಿಗೆ 2,075. ಒಂದು ತಿಂಗಳ ಸಂಬಳ ಪೂರ್ತಿ ಹೋಟೆಲಿಗೆ. ಏಪ್ರಿಲ್ 23ಕ್ಕೆ ಭಾರತ ಕೆಂಪು ಪಟ್ಟಿಗೆ ಸೇರಿತು.

ಮೇ ತಿಂಗಳಲ್ಲಿ ಅಕ್ಕನಿಗೆ ಕೊರೊನಾ ಬಂತು. ಶಿವಮೊಗ್ಗದಲ್ಲಿ ಆರು ದಿನ ಆಕ್ಸಿಜನ್ ಮೇಲಿದ್ದಳು. ಮಗಳು ಬರಲಿಲ್ಲ. ಬರುತ್ತೇನೆ ಅಂದವಳನ್ನು ನಾನೇ ತಡೆದೆ. ಬಂದರೂ ವಾರ್ಡಿನೊಳಗೆ ಬಿಡುವುದಿಲ್ಲ, ವಾಪಸ್ ಹೋಗುವಾಗ ಹೋಟೆಲು, ವಿಮಾನ ಸಿಗುವ ಖಾತ್ರಿಯೂ ಇಲ್ಲ. ದಿನಕ್ಕೆ ಎರಡು ಸಲ ಆಕ್ಸಿಮೀಟರಿನ ಫೋಟೋ ಕಳಿಸುತ್ತಿದ್ದೆ. ಅವಳು ತನ್ನ ಡ್ಯೂಟಿಯ ಬ್ರೇಕಿನಲ್ಲಿ ಅದನ್ನು ನೋಡುತ್ತಿದ್ದಳು. ಅಕ್ಕ ಉಳಿದಳು.

ಭಾರತ ಕೆಂಪು ಪಟ್ಟಿಯಿಂದ ಹೊರಗೆ ಬಂದಿದ್ದು ಆಗಸ್ಟ್ 8ಕ್ಕೆ. ಆಮೇಲೆ ಕೋವಿಶೀಲ್ಡ್ ತಕರಾರು. ಪುಣೆಯಲ್ಲಿ ತಯಾರಾದ ಆ ಲಸಿಕೆ ಬ್ರಿಟನ್ನಿನದೇ ಸೂತ್ರ. ಆದರೂ ಭಾರತದಲ್ಲಿ ಹಾಕಿಸಿಕೊಂಡವರನ್ನು ಲಸಿಕೆ ಆಗದವರ ಹಾಗೆ ನೋಡಿ 10 ದಿನ ಕೂರಿಸುವ ನಿಯಮ ಅಲ್ಲಿತ್ತು. ಪ್ರತಿಯಾಗಿ ಭಾರತವೂ ಅಕ್ಟೋಬರ್ 4ರಿಂದ ಬ್ರಿಟನ್ನಿನವರಿಗೆ 10 ದಿನ ಹಾಕಿತು. ಅಕ್ಟೋಬರ್ 11ಕ್ಕೆ ಅವರು ಸಡಿಲಿಸಿದರು, 13ಕ್ಕೆ ನಾವು. ಡಿಸೆಂಬರಿನಲ್ಲಿ ಒಮೈಕ್ರಾನ್ ಬಂತು, ಬ್ರಿಟನ್ನಿನಿಂದ ಬಂದವರಿಗೆ ಇಲ್ಲಿ ಮತ್ತೆ 7 ದಿನ. ಪ್ರತಿ ಸಲವೂ ಹುಡುಗಿ ಟಿಕೆಟ್ ನೋಡುತ್ತಿದ್ದಳು, ಪ್ರತಿ ಸಲವೂ ಅಕ್ಕ ಪೆನ್ಸಿಲ್ ಹುಡುಕುತ್ತಿದ್ದಳು.

2022ರ ಫೆಬ್ರುವರಿ 14ಕ್ಕೆ ಭಾರತ ಆ 7 ದಿನ ತೆಗೆಯಿತು. ಮಾರ್ಚ್ 18ಕ್ಕೆ ಬ್ರಿಟನ್ ಎಲ್ಲ ಪ್ರಯಾಣ ನಿಯಮಗಳನ್ನೂ ತೆಗೆಯಿತು. ಮಾರ್ಚ್ ಕೊನೆಯಲ್ಲಿ ಅವಳು ಬೆಂಗಳೂರಿಗೆ ಬಂದಿಳಿದು, ಅದೇ ದಿನ ರೈಲು ಹತ್ತಿದಳು. ಶಿವಮೊಗ್ಗ ಸ್ಟೇಷನ್ನಿಗೆ ನಾನೇ ಹೋಗಿದ್ದೆ. ಏಪ್ರಿಲ್ 2ಕ್ಕೆ ಯುಗಾದಿ. ಅಕ್ಕನ ಅಡುಗೆಮನೆಯಲ್ಲಿ ಹೊಸ ಕ್ಯಾಲೆಂಡರ್ ಮೊಳೆಯಲ್ಲೇ ತೂಗುತ್ತಿತ್ತು. 21 ದಿನದ ರಜೆಯಲ್ಲಿ ಓಡಾಟಕ್ಕೆ ಎರಡು ದಿನ ಹೋಯಿತು. 19 ದಿನ ಮನೆಯಲ್ಲಿದ್ದಳು.